ಹಕ್ಕಿ ಫೋಟೋಗೆ ಮರದ ಹೈಡ್: ಪ್ಲೈವುಡ್ಡೋ, ಪ್ಯಾಲೆಟ್ ಪೈನೋ, ಸರ್ವೆ-ತಟ್ಟಿಯೋ?

ಬೆಂಗಳೂರಿನ ಸುತ್ತ ಹೈಡ್ (ಹಕ್ಕಿಗಳಿಗೆ ಕಾಣದಂತೆ ಒಳಗೆ ಕುಳಿತು ಫೋಟೋ ತೆಗೆಯುವ ಮರೆಗೂಡು) ಕಟ್ಟಲು ಸುಲಭವಾಗಿ ಸಿಗುವ ಸಾಮಾನು ಮೂರು ಬಗೆ: ಮರೈನ್ ಪ್ಲೈವುಡ್, ಪೀಣ್ಯ-ಬೊಮ್ಮಸಂದ್ರದ ಕಾರ್ಖಾನೆಗಳಿಂದ ಬರುವ, ಸರಕು ಪೇರಿಸಿ ಸಾಗಿಸುವ ಹಳೇ ಪ್ಯಾಲೆಟ್‌ಗಳ ಪೈನ್ ಹಲಗೆ, ಇಲ್ಲವೇ ಸರ್ವೆ ಗಳಕ್ಕೆ ಕಟ್ಟಿದ ಬಿದಿರಿನ ತಟ್ಟಿ. ಮೂರನ್ನೂ ಒಂದೇ ಅಳತೆಗೆ ಕಟ್ಟಿ ಬಳಸಿ ನೋಡಿದ ಮೇಲಿನ ಹೋಲಿಕೆ ಇದು. ಅಳತೆ: 8 ಅಡಿ ಉದ್ದ, 4 ಅಡಿ ಆಳ; ಎತ್ತರ ಮುಂದೆ ಆರೂವರೆ ಅಡಿ, ಹಿಂದೆ ಐದೂವರೆ. ಇಳಿಜಾರು ಹಿಂದಕ್ಕೇ ಇರಬೇಕು, ಮುಂದಕ್ಕಿದ್ದರೆ ಮಳೆನೀರು ಕಿಟಕಿಯ ಎದುರೇ ಸುರಿಯುತ್ತದೆ. ಜಾಗ ಸ್ವಂತದ್ದೋ ಒಪ್ಪಿಗೆ ಪಡೆದ ತೋಟವೋ ಆಗಿರಲಿ. ಅರಣ್ಯ ಇಲಾಖೆಯ ನೆಲದಲ್ಲಿ, ಬನ್ನೇರುಘಟ್ಟ ಉದ್ಯಾನದ ಒಳಗಂತೂ, ಅನುಮತಿ ಇಲ್ಲದೆ ಒಂದು ಗೂಟವನ್ನೂ ನೆಡುವ ಹಾಗಿಲ್ಲ.

ಪ್ಲೈವುಡ್ಡಿನ ದೊಡ್ಡ ಲಾಭ ಕೆಲಸದ ವೇಗ. 8×4ರ ಹಾಳೆಗಳಾದ್ದರಿಂದ ಗೋಡೆಗೆ 12 ಎಂಎಂನ ಆರು, ನೆಲಕ್ಕೆ 19 ಎಂಎಂನ ಒಂದು ಸಾಕು, ಕತ್ತರಿಸಿ ಬಿಸಾಡುವುದು ಕಡಿಮೆ. ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 710 (ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆ ನೋಡಿ; ಎಂಆರ್ (ತೇವ ಮಾತ್ರ ತಾಳುವಂಥದ್ದು) ಎಂದಿರುವ ಅಗ್ಗದ ಹಾಳೆ ಮನೆಯೊಳಗಿನ ಕಪಾಟಿಗೆ ಮಾತ್ರ. ಒಳ್ಳೆಯ ಹಾಳೆಯೂ ಮೊದಲು ಹಾಳಾಗುವುದು ಕತ್ತರಿಸಿದ ಅಂಚಿನಲ್ಲಿ. ಕಿಟಕಿಗೆ ಕೊರೆದ ಕಡೆ ಎಪಾಕ್ಸಿ ಎರಡು ಕೈ ಹಚ್ಚದಿದ್ದರೆ ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಅಲ್ಲಿಂದಲೇ ಪದರ ಬಿಡುತ್ತದೆ. ಆದರೆ ಪ್ಲೈ ನಮಗೆ ಹಿಡಿಸದಿರುವುದು ಸದ್ದಿನಿಂದಾಗಿ. ಚಪ್ಪಲಿ ತಾಗಿದರೂ ಪೆಟ್ಟಿಗೆ ತಮಟೆಯಂತೆ ಸದ್ದು ಮಾಡುತ್ತದೆ, ಎದುರಿನ ಕೊಳದ ನೀರಿಗೆ ಬಂದ ಹರಟೆಮಲ್ಲಗಳ ಗುಂಪು ಒಟ್ಟಿಗೆ ಎದ್ದು ಹೋಗುತ್ತದೆ. ಗೋಡೆಗೆ ಎರಡೆರಡು ಅಡಿಗೊಂದು ರೀಪರ್ ಹೊಡೆದು, ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿದರೆ ಸುಧಾರಿಸುತ್ತದೆ, ಪೂರ್ತಿ ಹೋಗುವುದಿಲ್ಲ. ಮಾರ್ಚ್-ಏಪ್ರಿಲ್‌ನ ಸೆಕೆಯೂ ಇದರಲ್ಲೇ ಹೆಚ್ಚು.

ಪ್ಯಾಲೆಟ್ ಪೈನ್‌ನಲ್ಲಿ ಕೈಕೆಲಸ ಜಾಸ್ತಿ, ಫಲವೂ ಜಾಸ್ತಿ. ವಿದೇಶದಿಂದ ಬಂದ ಪ್ಯಾಲೆಟ್‌ಗಳ ಮೇಲೆ ಸುಟ್ಟ ಮುದ್ರೆ ಇರುತ್ತದೆ: ಎಚ್‌ಟಿ ಎಂದರೆ ಮರದ ತಿರುಳು 56 ಡಿಗ್ರಿ ತಲುಪಿ 30 ನಿಮಿಷ ನಿಲ್ಲುವಂತೆ ಕಾಯಿಸಿದ್ದು; ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟಿದ್ದು, ಅದನ್ನು ಮುಟ್ಟಬೇಡಿ. ಕಾಯಿಸಿದ್ದರಿಂದ ಆಗ ಒಳಗಿದ್ದ ಹುಳು ಸಾಯುತ್ತದೆ ಅಷ್ಟೇ. ನಾಳೆ ಬರುವ ಗೆದ್ದಲಿಗೆ ಅದು ಮದ್ದಲ್ಲ. ಮೊಳೆಗಳು ಸುರುಳಿಗೆರೆಯವಾದ್ದರಿಂದ ಕಿತ್ತರೆ ಹಲಗೆಯ ತುದಿ ಸೀಳುತ್ತದೆ. ಮೊಳೆಯ ಸಾಲಿನ ಪಕ್ಕದಲ್ಲೇ ಗರಗಸ ಹಾಕಿ ತುದಿ ಬಿಟ್ಟುಬಿಡುವುದು ಮೇಲು. 4 ಇಂಚು ಅಗಲದ ಹಲಗೆಯಾದರೆ ನಾಲ್ಕು ಗೋಡೆಗೆ ಸುಮಾರು 160 ಬೇಕು, ಅಂದರೆ ಹದಿನೆಂಟು-ಇಪ್ಪತ್ತು ಪ್ಯಾಲೆಟ್. ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಮುಕ್ಕಾಲು ಇಂಚು ಹೊದೆಯುವಂತೆ ಹೊಡೆಯಿರಿ. ಅಂಚಿಗೆ ಅಂಚು ಕೂಡಿಸಿದರೆ ಬೇಸಿಗೆಯಲ್ಲಿ ಮರ ಕುಗ್ಗಿ ಸಂದು ಬಿಡುತ್ತದೆ, ಒಳಗೆ ಕೈ ಆಡಿಸಿದರೂ ಹೊರಗೆ ಕಾಣುತ್ತದೆ. ಕಪ್ಪು ಜಿಪ್ಸಮ್ ಸ್ಕ್ರೂ ಬೇಡ, ತುಕ್ಕು ಹಿಡಿದು ತಲೆ ಮುರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಹೊರಮೈಗೆ ಕಾಯಿಸಿದ ಅಗಸೆ ಎಣ್ಣೆ ಚೆನ್ನ, ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಡಬೇಡಿ, ತಾನಾಗಿ ಬೆಂಕಿ ಹತ್ತಬಹುದು.

ಸರ್ವೆ-ತಟ್ಟಿ ಅಗ್ಗದ್ದು, ಹಗುರದ್ದು, ಹಕ್ಕಿಗಳು ಬೇಗ ಒಗ್ಗಿಕೊಳ್ಳುವುದೂ ಇದಕ್ಕೇ. ಸಾರುವೆಗೆ ಬಳಸುವ ಗಳದಲ್ಲೇ 3-4 ಇಂಚು ದಪ್ಪದ ಆರನ್ನು ಕಂಬಕ್ಕೆ ಆರಿಸಿ, ತೊಗಟೆ ಪೂರ್ತಿ ಸುಲಿಯಿರಿ, ಹುಳು ಸೇರುವುದು ಅದರಡಿಯೇ. ಹುರಿಹಗ್ಗದ ಕಟ್ಟು ನೆನೆದು ಒಣಗಿ ಸಡಿಲವಾಗುತ್ತದೆ. ಅರ್ಧ ಕಚ್ಚು ಹಾಕಿ 8 ಎಂಎಂ ಬೋಲ್ಟ್ ಬಿಗಿಯಿರಿ. ತಟ್ಟಿ ಬಂಬೂ ಬಜಾರಿನಲ್ಲೋ ಊರಿನ ಮೇದರ ಬಳಿಯೋ ಸಿಗುತ್ತದೆ. 100 ಲೀಟರ್ ನೀರಿಗೆ 3 ಕೆಜಿ ಬೊರಾಕ್ಸ್, 2 ಕೆಜಿ ಬೋರಿಕ್ ಆಸಿಡ್ ಕಲಸಿ ಮೂರು ದಿನ ನೆನೆಸಿ, ನೆರಳಲ್ಲಿ ಒಣಗಿಸಿ. ಈ ಉಪ್ಪು ಮಳೆಗೆ ತೊಳೆದು ಹೋಗುತ್ತದೆ, ಆದ್ದರಿಂದ ಸೂರು ಒಂದೂವರೆ ಅಡಿಯಾದರೂ ಚಾಚಿರಲಿ. ಒಂದೇ ಪದರದ ತಟ್ಟಿ ಸಾಲದು. ಹಿಂದಿನಿಂದ ಬಿಸಿಲು ಬಿದ್ದಾಗ ಒಳಗೆ ಕುಳಿತವರ ಆಕಾರ ಹೆಣಿಗೆಯ ಸಂದಿನಲ್ಲಿ ಹೊರಗಿನಿಂದ ಕಾಣುತ್ತದೆ. ಎರಡು ತಟ್ಟಿಗಳ ನಡುವೆ ಕಪ್ಪು ಬಟ್ಟೆ ಇಡಬೇಕು. ಮಂಗಗಳಿರುವ ಕಡೆ ಸರ್ವೆ-ತಟ್ಟಿಯನ್ನು ಮರೆತುಬಿಡಿ, ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಹಾಕುತ್ತವೆ.

ಮೂರಕ್ಕೂ ಒಂದೇ ಶತ್ರು ಗೆದ್ದಲು. ಮರ ಯಾವುದೆಂಬುದಕ್ಕಿಂತ ಅದು ನೆಲಕ್ಕೆ ತಾಗುತ್ತದೋ ಇಲ್ಲವೋ ಎಂಬುದೇ ಮುಖ್ಯ. ಬೇಲಿಗೆ ಹೂಳುವ ಕಲ್ಲುಕಂಬದ ಎರಡೂವರೆ ಅಡಿಯ ತುಂಡು ಆರು ತನ್ನಿ, ಒಂದೂವರೆ ಅಡಿ ಹೂತು ಒಂದು ಅಡಿ ಮೇಲೆ ಬಿಡಿ, ಕಬ್ಬಿಣದ ಆ್ಯಂಗಲ್ ಮತ್ತು ಆ್ಯಂಕರ್ ಬೋಲ್ಟಿನಿಂದ ಚೌಕಟ್ಟನ್ನು ಅದರ ಮೇಲೆ ಕೂರಿಸಿ. ಕಲ್ಲಿನ ಮೇಲೂ ಗೆದ್ದಲು ಮಣ್ಣಿನ ಸುರಂಗ ಕಟ್ಟಿಕೊಂಡು ಏರುತ್ತದೆ, ಆದರೆ ಅದು ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು. ಅದಕ್ಕೇ ಕಲ್ಲಿನ ಬುಡದಲ್ಲಿ ತರಗೆಲೆ ಸೇರಲು ಬಿಡಬೇಡಿ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಸುರಿಯುವ ಅಭ್ಯಾಸ ಇಲ್ಲಿ ಸಲ್ಲದು: ಮಾರು ದೂರದಲ್ಲಿ ಹಕ್ಕಿಗಳು ಕುಡಿಯುವ ನೀರಿದೆ. ಹಳೇ ಎಂಜಿನ್ ಆಯಿಲ್‌ಗೂ ಇದೇ ಮಾತು.

ಮಾಡಿಗೆ ಬರೀ ತಗಡು ಹಾಕಿದರೆ ಬೆಳಗಿನ ಬಿಸಿಲು ತಾಗಿದ ಕೂಡಲೇ ಹಿಗ್ಗಿ ಟಿಕ್ ಟಿಕ್ ಎನ್ನುತ್ತದೆ. ಮೇಲೆ ತೆಂಗಿನ ಗರಿ ಹೊದಿಸಿ, ಸದ್ದೂ ಸೆಕೆಯೂ ಇಳಿಯುತ್ತವೆ.

ಕಿಟಕಿ ಉತ್ತರಕ್ಕಿದ್ದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ವಲಸೆ ಹಕ್ಕಿಗಳ ಕಾಲವಿಡೀ, ಸೂರ್ಯ ಬೆನ್ನ ಹಿಂದೆ. ಕ್ರಾಪ್ ಸೆನ್ಸರಿನ (ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ 500 ಎಂಎಂ ಲೆನ್ಸ್ ಹಾಕಿ 5 ಮೀಟರ್ ದೂರದಿಂದ ತೆಗೆದರೆ ಚೌಕಟ್ಟಿನಲ್ಲಿ ಸಿಗುವುದು ಸುಮಾರು ಇಪ್ಪತ್ತು-ಇಪ್ಪತ್ಮೂರು ಸೆಂಟಿಮೀಟರ್ ಅಗಲ ಮಾತ್ರ, ಪಿಕಳಾರದ ಸುತ್ತ ಜಾಗವೇ ಉಳಿಯುವುದಿಲ್ಲ. ಹಕ್ಕಿ ಕೂರಲೆಂದು ನೆಟ್ಟ ಕೊಂಬೆಯನ್ನು ಏಳೆಂಟು ಮೀಟರ್‌ಗೆ ಸರಿಸಿ. ನವರಂಗದಂಥ ನೆಲದ ಹಕ್ಕಿಯ ಕಣ್ಣಿನ ಮಟ್ಟ ಬೇಕೆಂದು ಹೈಡನ್ನು ಗುಂಡಿಗೆ ಇಳಿಸುವವರಿದ್ದಾರೆ; ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಹಾವು ಸೇರುತ್ತದೆ. ಅದರ ಬದಲು ಕೊಳವನ್ನೇ ಎರಡು ಅಡಿ ಎತ್ತರಿಸಿ, ಕಿಟಕಿಯನ್ನೂ ಅದೇ ಮಟ್ಟಕ್ಕೆ ತನ್ನಿ. 4 ಅಡಿ ಆಳದಲ್ಲಿ ಟ್ರೈಪಾಡ್ ಇಕ್ಕಟ್ಟು, ಆದ್ದರಿಂದ ಕಿಟಕಿಯಡಿ ಹಲಗೆ ಹಾಕಿ ಲೆನ್ಸ್ ಊರಲು ಬೀನ್ ಬ್ಯಾಗ್ ಇಡಿ. ಆ ಹಲಗೆಗೆ ಪ್ರತ್ಯೇಕ ಗೂಟಗಳಿರಲಿ. ಗೋಡೆಗೇ ಬಡಿದರೆ ಪಕ್ಕದವರು ಮಗ್ಗುಲು ಬದಲಿಸಿದಾಗಲೆಲ್ಲ ಲೆನ್ಸ್ ನಡುಗುತ್ತದೆ.

ಜಾಗ ಇನ್ನೂ ಗೊತ್ತಾಗದಿದ್ದರೆ ಸರ್ವೆ-ತಟ್ಟಿ. ಬಿಚ್ಚಿ ಇಪ್ಪತ್ತು ಅಡಿ ಆಚೆ ಕಟ್ಟಲು ಇಬ್ಬರಿಗೆ ಒಂದು ದಿನದ ಕೆಲಸ. ಜಾಗ ಖಚಿತವಾಗಿದ್ದರೆ ಕಲ್ಲಿನ ಮೇಲೆ ಪೈನ್. ಸಾಮಾನು ಒಳಗಿಟ್ಟು ಬೀಗ ಹಾಕಿ ಹೋಗಬೇಕಾದ ಕಡೆಗೆ ಮಾತ್ರ ಪ್ಲೈ. ಯಾವುದೇ ಆದರೂ ಆಗಸ್ಟ್ ಒಳಗೆ ಮುಗಿಸಿ, ಅಕ್ಟೋಬರ್‌ಗೆ ಹಕ್ಕಿಗಳು ಒಗ್ಗಿರುತ್ತವೆ. ಒಳಗೆ ಕಾಲಿಡುವ ಮುನ್ನ ಕೋಲಿನಿಂದ ನೆಲ ತಟ್ಟಿ, ಸೂರಿನ ಒಳಮೂಲೆಗಳಲ್ಲಿ ಕಣಜದ ಗೂಡು ಇದೆಯೇ ನೋಡಿ.