ಪಾವ್ಲೋವ್ಸ್ ಹೌಸ್: ಗುಂಡಿಗಿಂತ ರೇಷನ್ನಿನ ಚಿಂತೆಯೇ ಜಾಸ್ತಿ

ಯುದ್ಧದ ಬೋರ್ಡ್ ಗೇಮ್ ಅಂದ್ರೆ ನಮ್ಮಕ್ಕ ಮೂಗು ಮುರಿಯುತ್ತಿದ್ದಳು. ಈಗ ಭಾನುವಾರ ಊಟ ಆದ ಕೂಡಲೇ "ಬೋರ್ಡ್ ಹಾಸೋ" ಅನ್ನುವವಳೇ ಅವಳು. ಅವಳನ್ನು ಹಿಡಿದಿಟ್ಟಿದ್ದು ಪಾವ್ಲೋವ್ಸ್ ಹೌಸ್ ಅನ್ನೋ ಈ ಆಟದ ರೇಷನ್ ಲೆಕ್ಕ.

ಎರಡನೇ ಮಹಾಯುದ್ಧ, 1942ರ ಸೋವಿಯತ್ ನಗರ ಸ್ಟಾಲಿನ್‌ಗ್ರಾಡ್. ಸೋವಿಯತ್ ಸೇನೆಯ ಸಾರ್ಜೆಂಟ್ ಯಾಕೋವ್ ಪಾವ್ಲೋವ್ ಕಡೆಯವರು ಹಿಡಿದ ನಾಲ್ಕು ಮಹಡಿಯ ಮನೆಯೊಂದು ಕೋಟೆಯಾಯಿತು, 58 ದಿನ ಜರ್ಮನ್ನರಿಗೆ ಸಿಗಲಿಲ್ಲ. ಲೆಫ್ಟಿನೆಂಟ್ ಇವಾನ್ ಅಫನಾಸ್ಯೇವ್ ಬಂದು ಮುಂದಾಳತ್ವ ವಹಿಸಿದರೂ ಹೆಸರು ಮಾತ್ರ ಪಾವ್ಲೋವ್‌ಗೇ ಉಳಿಯಿತು. ಆಟದಲ್ಲಿ ಇಬ್ಬರೂ ಇದ್ದಾರೆ, ಸಮಾಧಾನ.

ಬೋರ್ಡಿನಲ್ಲಿ ಮೂರು ಭಾಗ. ಎಡಕ್ಕೆ ಮನೆಯ ಒಳಗು, ನಡುವೆ ಶತ್ರು ಬರುವ ದಾರಿಗಳು, ಬಲಕ್ಕೆ ವೋಲ್ಗಾ ನದಿ ಮತ್ತು ಸೋವಿಯತ್ 62ನೇ ಸೈನ್ಯ. ಆಡುವ ಇಬ್ಬರೂ ಸೋವಿಯತ್ ಕಡೆಯವರೇ: ಮನೆಯೊಳಗೆ ನಾನು, ನದಿ ಕಡೆ ಅಕ್ಕ. ನಾನು ಮೆಷಿನ್ ಗನ್ ಎಲ್ಲಿಡೋಣ ಅಂತ ಯೋಚಿಸುತ್ತಿದ್ದರೆ ಅವಳದು ಒಂದೇ ಮಾತು: "ಮೊದ್ಲು ಅವರ ಊಟಕ್ಕೆ ದಾರಿ ನೋಡೋ." ಅವಳು ಹೇಳೋದೇ ಸರಿ. ನದಿ ದಾಟಿ ಸಾಮಾನು ಬರದಿದ್ದರೆ, ಊಟ ಸಿಗದ ಸೈನಿಕರನ್ನು ಬೋರ್ಡಿನಿಂದಲೇ ತೆಗೆಯಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತ ನಾನು ಗನ್ನಿನ ಹಿಂದೆ ಬಿದ್ದ ಆಟಗಳೆಲ್ಲ ಹೀಗೇ ಮುಗಿದಿವೆ.

ಚಿಕ್ಕ ರಟ್ಟಿನ ಬಿಲ್ಲೆಗಳಿಗೆ ಅಮ್ಮನ ಹಳೇ ಒಗ್ಗರಣೆ ಡಬ್ಬಿ ಸಿಕ್ಕಿದೆ. ಸಾಸಿವೆ ಬಟ್ಟಲಲ್ಲಿ ಊಟ, ಜೀರಿಗೆ ಬಟ್ಟಲಲ್ಲಿ ಔಷಧಿ, ದೊಡ್ಡದರಲ್ಲಿ ಜರ್ಮನ್ನರು. ಇಂಗಿನ ವಾಸನೆ ಇನ್ನೂ ಹೋಗಿಲ್ಲ. ಆಟ ಶುರುವಾಗುವ ಮುಂಚೆ ಫ್ಯಾನ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಕಾರ್ಡೆಲ್ಲ ನೆಲದ ಮೇಲೆ. ಏಪ್ರಿಲ್‌ನಲ್ಲಿ ಇದೊಂದು ಶಿಕ್ಷೆ.

ಇಷ್ಟೆಲ್ಲ ಹೊಗಳಿದ ಮೇಲೆ ಬೇಜಾರನ್ನೂ ಹೇಳಬೇಕು. ಇಬ್ಬರು ಆಡಬಹುದು ಅಂತಾರೆ, ನಿಜ. ಆದರೆ ಕಾರ್ಡೆಲ್ಲ ನದಿ ಕಡೆಯವರ ಕೈಲಿ. ಅದರ ಮಧ್ಯೆ ಕೆಲಸಕ್ಕೆ ಬಾರದ 'ಫಾಗ್ ಆಫ್ ವಾರ್' ಕಾರ್ಡುಗಳು ಬೇರೆ. ಅಕ್ಕ ಯೋಚಿಸಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಖಾಲಿ. ಆಮೇಲೆ ನನ್ನ ಸರದಿಯಲ್ಲಿ ಒಂದಿಷ್ಟು ಸೈನಿಕರನ್ನು ಸರಿಸಿ, ದಾಳ ಹಾಕಿದರೆ ಮುಗೀತು. ಆರಂಭದಲ್ಲಿ ಇದು ಗೊತ್ತಾಗಲಿಲ್ಲ, ಈಗ ಪ್ರತಿ ಸಲ ಕಾಡುತ್ತೆ. ಒಬ್ಬರೇ ಆಡಿದಾಗ ಈ ತೊಂದರೆಯೇ ಇಲ್ಲ. ಹೀಗಾಗಿ ನಡುವಾರದಲ್ಲಿ ರಾತ್ರಿ ನಾನೊಬ್ಬನೇ ಆಡೋದು ಜಾಸ್ತಿಯಾಗಿದೆ. ಅಕ್ಕನಿಗೆ ಹೇಳಿಲ್ಲ.

ಇನ್ನು ದುಡ್ಡು. ಹೊರದೇಶದ ಡಬ್ಬಿ, ಸಾಗಾಟ, ಸುಂಕ ಎಲ್ಲ ಸೇರಿದರೆ ನನ್ನ ಸಂಬಳಕ್ಕೆ ದುಬಾರಿಯೇ. ಅರ್ಧ ಅಕ್ಕ ಕೊಟ್ಟಿದ್ದಕ್ಕೆ ತಗೊಂಡೆ. ಹಬ್ಬಕ್ಕೆ ಬಂದ ನೆಂಟರನ್ನೆಲ್ಲ ಕೂರಿಸಿ ಆಡಿಸೋ ಆಟ ಬೇಕಿದ್ದರೆ ಇದನ್ನು ತಗೋಬೇಡಿ. ಒಬ್ಬರೇ ಕೂತು ಆಡುವ ಅಭ್ಯಾಸ ಇದ್ದರೆ ಯಾರಾದರೂ ಮಾರುವ ಹಳೇ ಪ್ರತಿ ಹುಡುಕಿ. ಬಿಲ್ಲೆಗಳನ್ನು ಮಾತ್ರ ಎಣಿಸಿಕೊಂಡು ದುಡ್ಡು ಕೊಡಿ.