ಸರ್ಕಾರಿ ಟಿಬಿ ಮಾತ್ರೆ: ಔಷಧಿಗೆ ಐದಕ್ಕೆ ಐದು, ವಿವರಣೆಗೆ ಎರಡು

ಫೋನು, ಮಿಕ್ಸಿಗೆಲ್ಲ ರಿವ್ಯೂ ಬರೆಯುತ್ತಾರೆ. ಆರು ತಿಂಗಳು ದಿನಾ ನುಂಗಬೇಕಾದ ಮಾತ್ರೆಗೆ ಯಾರೂ ಬರೆಯುವುದಿಲ್ಲ. ನಾನು ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನಮ್ಮತ್ತೆಗೆ ಶ್ವಾಸಕೋಶದ ಟಿಬಿ ಬಂದಾಗ ಸರ್ಕಾರಿ ಆರೋಗ್ಯ ಕೇಂದ್ರದ ಪುಕ್ಕಟೆ ಮಾತ್ರೆಯಲ್ಲೇ ಕೋರ್ಸ್ ಮುಗಿಸಿದೆವು. "ಪುಕ್ಕಟೆ ಕೊಡೋದು ಕೆಲಸ ಮಾಡುತ್ತಾ?" ಅಂತ ನೆಂಟರೆಲ್ಲ ಕೇಳಿದ್ದರು. ಅವರಿಗೂ ಸೇರಿಸಿ ಇದು.

ಮಾಡುತ್ತದೆ. ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧಿ ಇವೆ: ಐಸೋನಿಯಾಜಿಡ್ 75 ಮಿ.ಗ್ರಾಂ, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬ್ಯುಟಾಲ್ 275. ಮೊದಲ ಎರಡು ತಿಂಗಳು ಇದು. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ದಿನಕ್ಕೆ ಎಷ್ಟು ಅನ್ನುವುದು ತೂಕದ ಮೇಲೆ. ಅತ್ತೆ 42 ಕೆಜಿ ಇದ್ದರು, ಮೂರು ಮಾತ್ರೆ ಬಂತು. ಹಿಂದೆ ವಾರಕ್ಕೆ ಮೂರು ದಿನ ಕೊಡುತ್ತಿದ್ದರು, 2017ರಿಂದ ದಿನಾ ಕೊಡುವ ಪದ್ಧತಿ ಬಂದಿದೆ. ನಾಲ್ಕನ್ನೂ ಒಂದರಲ್ಲೇ ಸೇರಿಸಿದ್ದು ನನಗೆ ತುಂಬಾ ಇಷ್ಟ. ಬೇರೆ ಬೇರೆ ಇದ್ದರೆ ಜನ ಹೊಟ್ಟೆ ತೊಳಸುವ ಮಾತ್ರೆಯನ್ನು ಮೆಲ್ಲಗೆ ಪಕ್ಕಕ್ಕಿಡುತ್ತಾರೆ. ಒಂದೋ ಎರಡೋ ಔಷಧಿ ಮಾತ್ರ ಒಳಗೆ ಹೋದರೆ ರೋಗಾಣು ಅದಕ್ಕೆ ಬಗ್ಗದೆ ಬೆಳೆಯುತ್ತದೆ. ಇಲ್ಲಿ ಆ ಆಟ ನಡೆಯಲ್ಲ.

ತಿಂಗಳು ತುಂಬುವ ಮೊದಲೇ ಸಂಜೆ ಜ್ವರ ಬಿಟ್ಟಿತು. ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳತೊಡಗಿದರು.

ಅಂಕ ಕಳೆಯುವುದು ವಿವರಣೆಗೆ. ನಮಗೆ ಸಿಕ್ಕ ಸ್ಟ್ರಿಪ್ ಮೇಲೆ ಇದ್ದದ್ದು ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಕೊಟ್ಟವರು "ಬೆಳಿಗ್ಗೆ ತಗೊಳ್ಳಿ" ಅಂದು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡರು, ಅಷ್ಟೇ. ಮಾರನೇ ದಿನ ಅತ್ತೆ ಬಚ್ಚಲಿಂದಲೇ ಕೂಗಿದರು: "ಬಾರಮ್ಮಾ ಇಲ್ಲಿ, ರಕ್ತ ಹೋಗ್ತಿದೆ!" ರಕ್ತ ಅಲ್ಲ, ರಿಫಾಂಪಿಸಿನ್ ಬಣ್ಣ. ಮೂತ್ರ, ಬೆವರು, ಕಣ್ಣೀರು ಎಲ್ಲ ಕೇಸರಿ ಕೆಂಪಾಗುತ್ತದೆ, ತೊಂದರೆ ಏನಿಲ್ಲ. ಮನೆಯಲ್ಲಿ ನರ್ಸ್ ಇಲ್ಲದವರು ಅವತ್ತೇ ಮಾತ್ರೆ ನಿಲ್ಲಿಸಿಬಿಡುತ್ತಾರೆ, ಅಲ್ವಾ?

ಖಾಲಿ ಹೊಟ್ಟೆಯಲ್ಲಿ ತಗೊಂಡರೆ ರಿಫಾಂಪಿಸಿನ್ ಚೆನ್ನಾಗಿ ಹಿಡಿಯುತ್ತದೆ. ವಾಕರಿಕೆ ತಡೆಯದಿದ್ದರೆ ಸ್ವಲ್ಪ ತಿಂದು ತಗೊಳ್ಳಬಹುದು, ಬಿಡುವುದಕ್ಕಿಂತ ಅದು ವಾಸಿ. ಆದರೆ ಗ್ಯಾಸ್ ಅಂತ ಆಂಟಾಸಿಡ್ ಸಿರಪ್ ಜೊತೆಗೇ ಕುಡಿಯಬಾರದು. ಅಲ್ಯೂಮಿನಿಯಂ ಇರುವ ಸಿರಪ್ ಐಸೋನಿಯಾಜಿಡ್ ಅನ್ನು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ನಮ್ಮನೆಯಲ್ಲಿ ಆ ಬಾಟಲಿ ಸಂಜೆಗೆ ಹೋಯಿತು.

ಇನ್ನು ರಿಫಾಂಪಿಸಿನ್ ಲಿವರಿಗೆ ಕೊಡುವ ಕೆಲಸ. ಬೇರೆ ಔಷಧಿಗಳನ್ನು ಲಿವರ್ ಬೇಗ ಬೇಗ ಒಡೆದು ಹಾಕುವಂತೆ ಮಾಡುತ್ತದೆ. ಅತ್ತೆ ಊಟ ಬದಲಾಯಿಸಿರಲಿಲ್ಲ, ಆದರೂ ಶುಗರ್ ಏರಿತು. ಅವರ ಶುಗರ್ ಮಾತ್ರೆ ಗ್ಲಿಮಿಪಿರೈಡ್ ಬಲ ಕಳೆದುಕೊಂಡಿತ್ತು, ಡಾಕ್ಟರು ಶುಗರ್ ಔಷಧಿ ಬದಲಿಸಬೇಕಾಯಿತು. ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲಿಗೂ ಇದೇ ಗತಿ. ಟಿಬಿ ಮಾತ್ರೆ ನಡೆಯುವಾಗ ಅದನ್ನು ನುಂಗಿದರೆ ದುಡ್ಡು ದಂಡ, ಕಜ್ಜಿ ಹಾಗೇ ಇರುತ್ತದೆ. ಗರ್ಭನಿರೋಧಕ ಮಾತ್ರೆಯನ್ನೂ ನಂಬುವಂತಿಲ್ಲ. ಮದುವೆಯಾದ ಹುಡುಗಿಯರಿಗೆ ಇದನ್ನು ಮೊದಲು ಹೇಳಬೇಕು, ಹೇಳುವವರು ಕಮ್ಮಿ.

ಕಾಲು ಜುಮ್ಮೆನ್ನುವುದು ಐಸೋನಿಯಾಜಿಡ್‌ನಿಂದ. ಅದಕ್ಕೆ ಪಿರಿಡಾಕ್ಸಿನ್, ಅಂದರೆ ಬಿ6 ಮಾತ್ರೆ ಇದೆ. ಶುಗರ್ ಇದ್ದವರು ಮೊದಲ ದಿನವೇ ಕೇಳಿ ಬರೆಸಿಕೊಳ್ಳಿ.

ಎಥಾಂಬ್ಯುಟಾಲ್‌ಗೆ ಕಣ್ಣಿನ ಮೇಲೆ ಕಣ್ಣು. ಇದು ಕಣ್ಣಿನ ನರಕ್ಕೆ ತಾಕಿದರೆ ಕೆಂಪು, ಹಸಿರು ಮಂಕಾಗಿ ಒಂದೇ ಥರ ಕಾಣಬಹುದು. ನಾನು ಸೋಮವಾರ ಸೋಮವಾರ ಅತ್ತೆಯ ಒಂದು ಕಣ್ಣು ಮುಚ್ಚಿಸಿ, ಹಸಿರು ಬಳೆ, ಕೆಂಪು ಬಳೆ ಕಿಟಕಿ ಬೆಳಕಿಗೆ ಹಿಡಿದು ಕೇಳುತ್ತಿದ್ದೆ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಂದು ಕಣ್ಣಿನ ತೊಂದರೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. "ನನ್ನೇನು ಒಂದನೇ ಕ್ಲಾಸಿಗೆ ಸೇರಿಸಿದ್ದೀಯಾ?" ಅಂತ ಬೈಯುತ್ತಲೇ ಉತ್ತರ ಕೊಡುತ್ತಿದ್ದರು. ಇದು ಕಣ್ಣಿನ ಡಾಕ್ಟರ್ ಮಾಡುವ ಪರೀಕ್ಷೆಗೆ ಬದಲಿ ಅಲ್ಲ, ಬೇಗ ಗೊತ್ತಾಗಲಿ ಅಂತ ಅಷ್ಟೇ.

ಕಣ್ಣು ಹಳದಿಯಾದರೆ, ಊಟ ಪೂರ್ತಿ ಸೇರದೆ ವಾಂತಿ ಹಿಡಿದರೆ ಕಾಯಬೇಡಿ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರಿಗೆ ಹೊಡೆಯಬಲ್ಲವು. ಆವತ್ತಿನ ಡೋಸ್ ತಡೆದು ಅದೇ ದಿನ ಡಾಕ್ಟರಿಗೆ ತೋರಿಸಿ. ಬರೀ ಕೀಲು ನೋವು ಬಂತು ಅಂತ ಸುಮ್ನೆ ನೀವೇ ನಿಲ್ಲಿಸಬೇಡಿ. ಅದು ಪೈರಾಜಿನಮೈಡ್ ಯೂರಿಕ್ ಆಸಿಡ್ ಏರಿಸುವುದರಿಂದ, ಅದಕ್ಕೆ ಬೇರೆ ದಾರಿ ಇದೆ.

ಒಂದು ಸಿಟ್ಟು ಇನ್ನೂ ಇದೆ. ಟಿಬಿ ಗೊತ್ತಾಗುವ ಮೊದಲು ಒಂದು ಕ್ಲಿನಿಕ್ಕಿನಲ್ಲಿ ಕೆಮ್ಮಿಗೆ ಅಂತ ಲಿವೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಬರೆದಿದ್ದರು. ಅದು ಟಿಬಿ ರೋಗಾಣುವಿಗೂ ಸ್ವಲ್ಪ ತಾಕುತ್ತದೆ. ಕೆಮ್ಮು ತಗ್ಗಿದಂತೆ ಕಂಡು, ರೋಗ ಒಳಗೇ ಉಳಿಯಿತು. ಎರಡು ವಾರ ದಾಟಿದ ಕೆಮ್ಮಿಗೆ ಆಂಟಿಬಯಾಟಿಕ್ ನುಂಗುವ ಮೊದಲು ಕಫ ಪರೀಕ್ಷೆ ಮಾಡಿಸಿ. ನಮಗೆ ಕೊನೆಗೆ ಟ್ರೂನ್ಯಾಟ್ ಅನ್ನುವ ಕಫ ಪರೀಕ್ಷೆಯಲ್ಲಿ ಗೊತ್ತಾಯಿತು. ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಅನ್ನುವುದನ್ನೂ ಅದರಲ್ಲೇ ನೋಡಿದರು.

ಖರ್ಚು ಸೊನ್ನೆ. ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಬ್ಯಾಂಕ್ ಖಾತೆಗೆ ದುಡ್ಡೂ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ಇದ್ದದ್ದು 2024ರ ನವೆಂಬರಿನಿಂದ 1000 ರೂಪಾಯಿ ಆಗಿದೆ. ಖಾಸಗಿ ಡಾಕ್ಟರ ಹತ್ತಿರ ತೋರಿಸುತ್ತಿರುವವರೂ ನಿಕ್ಷಯ್‌ನಲ್ಲಿ, ಅಂದರೆ ಸರ್ಕಾರದ ಟಿಬಿ ರೋಗಿಗಳ ಆನ್‌ಲೈನ್ ಪಟ್ಟಿಯಲ್ಲಿ, ಹೆಸರು ಬರೆಸಿ ಇದೇ ಮಾತ್ರೆ ಕೇಳಬಹುದು.