ಫಿಲಿಪೀನ್ಸ್‌ಗೆ ಯಾವುದು ಸರಿ: ಅಧ್ಯಕ್ಷರೋ, ಪ್ರಧಾನಿಯೋ?

ಫಿಲಿಪೀನ್ಸ್‌ನಲ್ಲಿ ಸಂವಿಧಾನ ಬದಲಿಸುವ ಮಾತು ಆಗಾಗ ಏಳುತ್ತದೆ. ಅಲ್ಲಿನವರು ಅದನ್ನು ('ಚಾರ್ಟರ್ ಚೇಂಜ್', ಅಂದರೆ ಸಂವಿಧಾನ ಬದಲಾವಣೆ) ತಮಾಷೆಗೆ ಚಿಕ್ಕದಾಗಿ 'ಚಾ-ಚಾ' ಅನ್ನುತ್ತಾರೆ, ಕುಣಿತದ ಹೆಸರು!

ಈಗಿರುವುದು 1987ರ ಸಂವಿಧಾನ ಕೊಟ್ಟ ಅಧ್ಯಕ್ಷೀಯ ಪದ್ಧತಿ. ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ. ಸರ್ವಾಧಿಕಾರಿಯಾಗಿದ್ದ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ 20 ವರ್ಷ ಕುರ್ಚಿ ಬಿಡದಿದ್ದ ನೆನಪು ಇದರ ಹಿಂದಿದೆ. ಜನರೇ ನೇರವಾಗಿ ಆರಿಸುತ್ತಾರೆ, ಅದು ದೊಡ್ಡ ಲಾಭ. ಆದರೆ ಮೇಲ್ಮನೆಯ 24 ಸೆನೆಟರ್‌ಗಳನ್ನೂ ಇಡೀ ದೇಶವೇ ಆರಿಸಬೇಕು. ಅಷ್ಟು ದೂರ ಗೊತ್ತಿರುವ ಹೆಸರು ಯಾರಿಗಿದೆ? ಸಿನಿಮಾ ಮಂದಿಗೆ, ಇಲ್ಲವೇ ದೊಡ್ಡ ಮನೆತನಗಳಿಗೆ. ಅಕಿನೋ, ಮಕಪಗಾಲ್, ಮಾರ್ಕೋಸ್: ಈ ಮೂರು ಮನೆಗಳಿಂದ ತಲಾ ಇಬ್ಬರು ಅಧ್ಯಕ್ಷರಾಗಿದ್ದಾರೆ. ಕೆಳಗಿನ ಹುದ್ದೆಗಳಲ್ಲೂ ಅಷ್ಟೇ. ಒಬ್ಬರ ಅವಧಿ ಮುಗಿದರೆ ಹೆಂಡತಿ, ಮಗಳು ಅಥವಾ ತಮ್ಮ ನಿಲ್ಲುತ್ತಾರೆ.

ಸಂಸದೀಯ ಪದ್ಧತಿಯಲ್ಲಿ ಕೆಲಸ ಮಾಡದ ಪ್ರಧಾನಿಯನ್ನು ಬೇಗ ಇಳಿಸಬಹುದು. ಸರಿ, ಆದರೆ ಇಳಿಸುವವರು ಯಾರು? ಸಂಸದರು. ಅವರಲ್ಲಿ ಆಯಾ ಪ್ರಾಂತ್ಯದ ಹಳೇ ಜಮೀನುದಾರ ಮನೆತನಗಳವರೇ ಜಾಸ್ತಿ. ಪಕ್ಷಗಳೂ ಗಟ್ಟಿಯಿಲ್ಲ, ಗೆದ್ದವರ ಕಡೆಗೆ ಸುಮ್ನೆ ಜಿಗಿಯುತ್ತಾರೆ.

ಒಕ್ಕೂಟ ಪದ್ಧತಿ ಬೇಕು ಅನ್ನುವವರೂ ಇದ್ದಾರೆ. ದಕ್ಷಿಣದ ಮಿಂಡನಾವೊದಲ್ಲಿ ಮುಸ್ಲಿಮರು ಹೆಚ್ಚಿರುವ ಬಾಂಗ್ಸಮೊರೊ ಪ್ರದೇಶಕ್ಕೆ ಈಗಾಗಲೇ 2019ರಿಂದ ಹೆಚ್ಚಿನ ಸ್ವಾಯತ್ತತೆ ಇದೆ.

ನನ್ನನ್ನು ಕೇಳಿದರೆ, ಸದ್ಯಕ್ಕೆ ಅಧ್ಯಕ್ಷೀಯವೇ ಇರಲಿ. ಮೊದಲು ಮನೆತನ ರಾಜಕೀಯ ತಡೆಯುವ ಕಾನೂನು ಬರಲಿ. ಮನೆತನ ರಾಜಕೀಯವನ್ನು ನಿಷೇಧಿಸಬೇಕು ಅಂತ 1987ರ ಸಂವಿಧಾನವೇ ಹೇಳಿದೆ, ಆದರೆ ವಿವರವನ್ನು ಸಂಸತ್ತಿಗೆ ಬಿಟ್ಟಿತು. ಅಲ್ಲಿ ಕೂತವರು ಅದೇ ಮನೆಗಳವರು, ಅಲ್ವಾ? 2016ರಲ್ಲಿ ಯುವಕರ ಸ್ಥಳೀಯ ಮಂಡಳಿಗಳಿಗೆ ಮಾತ್ರ ಅಂಥ ನಿಯಮ ತಂದರು.